ಹೊಸ ಮಾಡೆಲ್ ಬರುವವರೆಗೆ

ನನ್ನ ತಮ್ಮನಿಗೆ ಲ್ಯಾಪ್‌ಟಾಪಿನ ಬಗ್ಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಜೀವಮಾನದಲ್ಲಿ ಒಂದನ್ನೂ ಕೊಂಡವನಲ್ಲ, ಅಷ್ಟೇ. ಹರಿಹರದಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಅಂಗಡಿಯಲ್ಲಿ ಅವನಿಗೆ ಕೆಲಸ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಫೋನಿನಲ್ಲಿ ವಿಡಿಯೋ ನೋಡುತ್ತಾ ಕೂರುತ್ತಾನೆ. ಯಾವ ಮಾಡೆಲ್ ಬೇಗ ಬಿಸಿಯಾಗುತ್ತದೆ, ಯಾವುದರ ಬ್ಯಾಟರಿ ಸಂಜೆವರೆಗೆ ಬರುತ್ತದೆ, ಒಳಗಿನ ಯಾವ ಚಿಪ್ಪು ಹಳತಾಯಿತು, ಎಲ್ಲವೂ ಅವನಿಗೆ ಬಾಯಿಪಾಠ. ಎಲ್ಲ ಬಲ್ಲವರು ಒಬ್ಬರಿರುವ ಮನೆಯಲ್ಲಿ ಒಂದು ವಸ್ತು ಕೊಳ್ಳುವುದು ಎಷ್ಟು ಕಷ್ಟ ಎಂಬುದು, ನಾನು ಕೊಳ್ಳಲು ಹೊರಟಾಗ ತಿಳಿಯಿತು.

ನಾನು ಮದುವೆಯಾಗಿ ಎರಡನೇ ವರ್ಷಕ್ಕೆ ತವರಿಗೆ ಹಿಂದಿರುಗಿದವಳು. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ, ಬರೆಯುವಂಥದ್ದೂ ಅಲ್ಲಿ ಏನಿಲ್ಲ. ವಾಪಸು ಬಂದ ಮೇಲೆ ಕಂಪ್ಯೂಟರ್ ಕಲಿತೆ. ಅಂದಿನಿಂದ ದಾವಣಗೆರೆಯ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಟೈಪ್ ಮಾಡಿ ಪುಟ ಕಟ್ಟುವ ಕೆಲಸ. ಲಗ್ನಪತ್ರಿಕೆ, ಗೃಹಪ್ರವೇಶ, ತೀರಿಕೊಂಡವರ ಶಿವಗಣಾರಾಧನೆ, ಚುನಾವಣೆ ಬಂದರೆ ಕರಪತ್ರ, ಪರೀಕ್ಷೆ ಬಂದರೆ ಕಾಲೇಜು ಹುಡುಗರ ಪ್ರಾಜೆಕ್ಟು. ದಾವಣಗೆರೆ ಸೀಮೆಯಲ್ಲಿ ಯಾರ ಮಗಳು ಯಾರ ಮನೆ ಸೇರಿದಳು ಎಂಬುದು ನನ್ನಷ್ಟು ಇನ್ನೊಬ್ಬರಿಗೆ ಗೊತ್ತಿರಲಿಕ್ಕಿಲ್ಲ. ಬೆಳಿಗ್ಗೆ ಹರಿಹರದಲ್ಲಿ ಬಸ್ಸು ಹತ್ತಿ, ಸಂಜೆ ಅದೇ ದಾರಿಯಲ್ಲಿ ವಾಪಸು. ಮನೆಯಲ್ಲಿ ಅವ್ವ, ತಮ್ಮ, ತಮ್ಮನ ಹೆಂಡತಿ. ಅವಳು ಭಾನುವಳ್ಳಿಯ ಶಾಲೆಯಲ್ಲಿ ಟೀಚರು, ಅವಳದ್ದೂ ಬೆಳಿಗ್ಗೆ ಬಸ್ಸು. ಹಗಲು ಮನೆಯಲ್ಲಿ ಉಳಿಯುವವಳು ಅವ್ವ ಒಬ್ಬಳೇ.

ಆ ವರ್ಷ ಆಷಾಢದಲ್ಲಿ ಅಂಗಡಿಯ ಮಾಲೀಕರು ನನ್ನನ್ನು ಕೂರಿಸಿಕೊಂಡು, ಇನ್ನು ನಡೆಸಲಾರೆ ಎಂದರು. ಜನ ಲಗ್ನಪತ್ರಿಕೆಯನ್ನು ಫೋನಿನಲ್ಲೇ ಮಾಡಿ ಫೋನಿನಲ್ಲೇ ಹಂಚುತ್ತಾರೆ, ನಾವು ಯಾರಿಗೆ ಬೇಕು ಅಂದರು. ದೀಪಾವಳಿಗೆ ಬಾಗಿಲು ಹಾಕುವುದು ಎಂದು ತೀರ್ಮಾನ. ಒಳ್ಳೆಯ ಮನುಷ್ಯ. ಹೇಳಿದ್ದಲ್ಲದೆ ಪರಿಚಯದ ಒಂದು ಮುದ್ರಣಾಲಯಕ್ಕೆ ಕರೆದುಕೊಂಡೂ ಹೋದರು. ಅಲ್ಲಿಯವರಿಗೆ ಪುಸ್ತಕದ ಪುಟ ಕಟ್ಟುವವರು ಬೇಕಾಗಿದ್ದರು. ಕೂರಲು ಜಾಗವಿಲ್ಲ, ಯಂತ್ರವಿಲ್ಲ, ನಿಮ್ಮದೇ ಲ್ಯಾಪ್‌ಟಾಪ್ ಇದ್ದರೆ ವರ್ಷವಿಡೀ ಕೆಲಸ ಕೊಡುತ್ತೇನೆ ಎಂದರು. ದೀಪಾವಳಿಯೊಳಗೆ ಹೇಳಬೇಕು, ಆಮೇಲೆ ಕಾಯುವುದಿಲ್ಲ ಎಂದೂ ಸೇರಿಸಿದರು.

ನನ್ನ ವಯಸ್ಸಿನವಳಿಗೆ ಈ ಊರಲ್ಲಿ ಬೇರೆ ಯಾರೂ ಕುರ್ಚಿ ಹಾಕಿ ಕಾಯುತ್ತಿರಲಿಲ್ಲ. ಈ ಕೆಲಸ ತಪ್ಪಿದರೆ ನಾನು ತಮ್ಮನ ಮನೆಯಲ್ಲಿರುವ ಅಕ್ಕ, ಅಷ್ಟೇ. ಅನ್ನಕ್ಕೇನೂ ಕೊರತೆ ಇರುತ್ತಿರಲಿಲ್ಲ, ತಮ್ಮ ಅಂಥವನಲ್ಲ. ಆದರೆ ಬೆಳಿಗ್ಗೆ ಎದ್ದು ಸೀರೆಗೆ ಪಿನ್ನು ಹಾಕಿಕೊಂಡು ಎಲ್ಲಿಗಾದರೂ ಹೋಗುವುದು ನಿಂತುಬಿಟ್ಟರೆ ನಾನು ಯಾರು ಎಂಬ ಹೆದರಿಕೆ ಇತ್ತು. ಆ ಹೆದರಿಕೆಯನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಲ್ಯಾಪ್‌ಟಾಪ್ ಬೇಕು ಎಂದಷ್ಟೇ ಹೇಳಿದೆ.

ದುಡ್ಡಿನ ತಾಪತ್ರಯವಿರಲಿಲ್ಲ, ಕೂಡಿಟ್ಟಿದ್ದೆ. ತಾಪತ್ರಯ ಶುರುವಾಗಿದ್ದು ತಮ್ಮನಿಂದ. ಆಷಾಢ ಮುಗಿದ ಮೇಲೆ ಒಂದು ಭಾನುವಾರ ಇಬ್ಬರೂ ದಾವಣಗೆರೆಯ ಅಂಗಡಿಗೆ ಹೋದೆವು. ಅಂಗಡಿಯವನು ಒಂದು ತೋರಿಸಿದ, ನನಗೆ ಹಿಡಿಸಿತು. ಅಕ್ಷರ ಒತ್ತಿ ನೋಡಿದೆ, ಬೆರಳಿಗೆ ಹಿತವಾಗಿತ್ತು. ತಮ್ಮ ಅದನ್ನು ತಿರುಗಿಸಿ ಮುರುಗಿಸಿ, ಕೆಳಗಿನ ಚೀಟಿ ಓದಿ, ಇದು ಹೋದ ವರ್ಷದ ಚಿಪ್ಪು ಎಂದು ಮುಖ ಹಿಂಡಿದ. ಎರಡು ತಿಂಗಳು ತಡೆದರೆ ಇದರಪ್ಪನಂಥದ್ದು ಬರುತ್ತದೆ ಎಂದು ಅಂಗಡಿಯವನ ಎದುರಿಗೇ ಹೇಳಿದ. ಅಂಗಡಿಯವನು ನಗುತ್ತಾ, ಎರಡು ತಿಂಗಳಿಗೆ ಅದರ ಅಪ್ಪ ಬಂದರೆ ನಾಲ್ಕು ತಿಂಗಳಿಗೆ ತಾತ ಬರುತ್ತಾನೆ ಸಾರ್, ಕಾಯುತ್ತಾ ಕೂತರೆ ಯಾವತ್ತೂ ಕೊಳ್ಳುವುದಿಲ್ಲ ಎಂದ. ತಮ್ಮನಿಗೆ ಅವಮಾನವಾಯಿತು. ಮಂಡಕ್ಕಿ ಮಿರ್ಚಿ ತಿಂದು ಬರಿಗೈಯಲ್ಲಿ ಬಸ್ಸು ಹತ್ತಿದೆವು.

ಕಾಯುವುದು ಅವನ ರಕ್ತದಲ್ಲೇ ಇದೆ. ನಮ್ಮ ಮನೆಗೆ ಫ್ರಿಡ್ಜು ಬಂದಿದ್ದು ಓಣಿಯಲ್ಲಿ ಎಲ್ಲರಿಗಿಂತ ಕೊನೆಗೆ. ಸ್ಕೂಟರ್ ತಗೋ ಎಂದರೆ ಕರೆಂಟಿನ ಗಾಡಿ ಬರಲಿ ಎಂದ. ಕರೆಂಟಿನ ಗಾಡಿ ಬಂದಾಗ ಅದರ ಬ್ಯಾಟರಿ ಇನ್ನೂ ಸುಧಾರಿಸಬೇಕು ಎಂದ. ಈಗಲೂ ಸೈಕಲ್ಲಿನಲ್ಲಿ ಹೋಗುತ್ತಾನೆ, ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತಾನೆ. ನಾಳೆ ಎಂದವನ ಮನೆ ಹಾಳು ಎಂದು ನಾನು ರೇಗಿದರೆ, ಅವಸರ ಮಾಡಿದವನ ಮನೆ ಉದ್ಧಾರವಾಗಿದ್ದನ್ನು ತೋರಿಸು ಎನ್ನುತ್ತಾನೆ. ವಾದದಲ್ಲಿ ಅವನನ್ನು ಗೆದ್ದವರಿಲ್ಲ.

ನಿಜ ಹೇಳಬೇಕೆಂದರೆ ಅವನ ಮಾತು ನನ್ನ ತಲೆಗೂ ಹೊಕ್ಕಿತು. ಜೀವಮಾನಕ್ಕೆ ಒಂದೇ ಕೊಳ್ಳುವವಳು ನಾನು. ಕೊಂಡ ವಾರಕ್ಕೇ ಅದಕ್ಕಿಂತ ಒಳ್ಳೆಯದು ಬಂದರೆ ಹೊಟ್ಟೆ ಉರಿಯುವುದಿಲ್ಲವೇ? ಬಸ್ಸಿನಲ್ಲಿ ನಾನೂ ಆ ವಿಡಿಯೋಗಳನ್ನು ನೋಡತೊಡಗಿದೆ. ಪಕ್ಕದಲ್ಲಿ ಕೂತ ಹೂವಿನ ಬುಟ್ಟಿಯ ಹೆಂಗಸು ಒಂದು ದಿನ, ಅದೇನಕ್ಕ ಅಷ್ಟು ನೋಡ್ತೀ, ಸೀರಿಯಲ್ಲಾ ಎಂದು ಕೇಳಿದಳು.

ಲ್ಯಾಪ್‌ಟಾಪ್ ಬಾರದಿದ್ದರೂ ಅದಕ್ಕೆ ಮನೆಯಲ್ಲಿ ಜಾಗ ಮಾತ್ರ ತಯಾರಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ಹಾಗೆ. ತಮ್ಮನ ಹೆಂಡತಿ ಬಹಳ ಖುಷಿಪಟ್ಟಳು. ಅಡುಗೆಮನೆ ಬಾಗಿಲ ಪಕ್ಕದಲ್ಲಿ ಪ್ಲಗ್ ಪಾಯಿಂಟು ಇದೆ, ಅಲ್ಲೇ ಟೇಬಲ್ ಹಾಕೋಣ, ಕೂತಲ್ಲಿಂದಲೇ ಒಲೆ ಕಾಣುತ್ತದೆ ಎಂದಳು. ಅಕ್ಕ ಮನೆಯಲ್ಲೇ ಇದ್ದರೆ ನಳದಲ್ಲಿ ಕುಡಿಯುವ ನೀರು ಬಿಟ್ಟಾಗ ಹಿಡಿಯಬಹುದು, ಗ್ಯಾಸಿನವನು ಬಂದಾಗ ಅತ್ತೆ ಸಿಲಿಂಡರ್ ಎಳೆದಾಡುವುದು ತಪ್ಪುತ್ತದೆ, ಅತ್ತೆಯ ಬಿ.ಪಿ. ಮಾತ್ರೆಯ ಚಿಂತೆಯೂ ಇರುವುದಿಲ್ಲ ಎಂದು ಒಂದೊಂದಾಗಿ ಹೇಳಿದಳು. ಅವಳು ಕೆಟ್ಟವಳಲ್ಲ. ಬೆಳಿಗ್ಗೆ ಒಲೆಯ ಕೆಲಸವೆಲ್ಲ ಮುಗಿಸಿ ಶಾಲೆಗೆ ಓಡುವವಳು, ಅವಳಿಗೂ ಉಸಿರು ಬೇಕಲ್ಲ. ನನಗೂ ಆಗ ಅದೆಲ್ಲ ಸರಿಯಾಗಿಯೇ ಕಂಡಿತು.

ಶ್ರಾವಣದಲ್ಲಿ, ಮುಂದೆ ಬರುವ ಬಾಡಿಗೆದಾರರಿಗಾಗಿ ಅಂಗಡಿಗೆ ಸುಣ್ಣಬಣ್ಣ ಎಂದು ಕೆಲವು ದಿನ ರಜೆ ಬಂತು. ಮುದ್ರಣಾಲಯದವರು ನನ್ನ ಕೈ ನೋಡಲು ತಿದ್ದುವುದಕ್ಕೆಂದು ಒಂದಿಷ್ಟು ಪುಟ ಕೊಟ್ಟಿದ್ದರು. ಅದನ್ನು ಹಿಡಿದು ಮನೆಯಲ್ಲಿ ಕೂತೆ. ಮೊದಲ ಪುಟ ಅರ್ಧವಾಗುವಷ್ಟರಲ್ಲಿ ನಳ ಬಂತು. ಕೊಡ ತುಂಬಿ ಬಂದು ಕೂತರೆ ಪಕ್ಕದ ಮನೆಯಾಕೆ, ಇವತ್ತು ಮನ್ಯಾಗದಿರೇನು ಎನ್ನುತ್ತಾ ಒಳಗೇ ಬಂದರು, ತಮ್ಮ ಮಗಳ ಸಂಬಂಧದ ವಿಚಾರ ಪೂರ್ತಿ ಹೇಳಿಯೇ ಎದ್ದರು. ಆಮೇಲೆ ತಮ್ಮನ ಫೋನು, ಅವನ ಹೆಸರಿಗೆ ಪಾರ್ಸಲ್ ಬರುತ್ತದಂತೆ, ತಗೋಬೇಕಂತೆ. ಆಮೇಲೆ ಶಾಲೆಯಿಂದ ತಮ್ಮನ ಹೆಂಡತಿಯ ಫೋನು, ಸಂಜೆಗೆ ಕಾಳು ನೆನೆಹಾಕಬೇಕಂತೆ. ಯಾರೂ ದೊಡ್ಡ ಕೆಲಸ ಹೇಳಲಿಲ್ಲ. ಎಲ್ಲರೂ "ಹೆಂಗೂ ಮನ್ಯಾಗದಿಯಲ್ಲ" ಎಂದೇ ಶುರುಮಾಡಿದರು. ಸಂಜೆಯ ಹೊತ್ತಿಗೆ ಒಂದು ಪುಟ ತಿದ್ದಿ ಮುಗಿದಿತ್ತು, ಅದರಲ್ಲೂ ಎರಡು ತಪ್ಪು ಉಳಿದಿದ್ದವು. ಅವ್ವ ಇಡೀ ದಿನ ನಡುಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದಳು.

ಅವ್ವ ಕೊಕ್ಕನೂರಿನಿಂದ ಸೊಸೆಯಾಗಿ ಬಂದವಳು. ಅವಳ ಪದ್ಧತಿಯಲ್ಲಿ ಬಕೆಟ್ಟಿಗಿಂತ ದೊಡ್ಡದಾದ ಯಾವುದೇ ವಸ್ತು ಮನೆಗೆ ಬರಬೇಕಾದರೂ ಅಮ್ಮನ, ಅಂದರೆ ದೇವಿಯ, ಅಪ್ಪಣೆ ಬೇಕು. ನಮ್ಮ ಓಣಿಯ ತುದಿಯಲ್ಲಿ ಅಮ್ಮನ ಗುಡಿಯಿದೆ. ಕೇಳಬೇಕಾದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೈಮುಗಿದು ಕೂರಬೇಕು. ಪೂಜಾರಿ ಹೂವನ್ನು ನೀರಿನಲ್ಲಿ ಅದ್ದಿ ಮೂರ್ತಿಯ ಎರಡೂ ಭುಜಕ್ಕೆ ಹಚ್ಚುತ್ತಾನೆ. ಬಲಗಡೆಯ ಹೂವು ಮೊದಲು ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಸದ್ಯಕ್ಕೆ ಬೇಡ. ತಮ್ಮನಿಗೆ ಹೆಣ್ಣು ನೋಡಿದ್ದು, ಬೋರ್ ಹಾಕಿಸಿದ್ದು, ಕೊನೆಗೆ ಫ್ರಿಡ್ಜು ಬಂದಿದ್ದು, ಎಲ್ಲಕ್ಕೂ ಬಲಗಡೆಯ ಹೂವೇ ಸಾಕ್ಷಿ. ನಾನು ದೊಡ್ಡ ಭಕ್ತೆಯಲ್ಲ. ಆದರೆ ನಮ್ಮ ಮನೆಯಲ್ಲಿ ಹೂವಿನ ಮೇಲೆ ಅಪೀಲು ಇರಲಿಲ್ಲ.

ನಾನು ಬಸ್ಸಿಗೆ ಹೋದ ಮೇಲೆ ಒಂದು ಶುಕ್ರವಾರ ಅವ್ವ ಗುಡಿಗೆ ಹೋಗಿ ಬಂದಳು. ಸಂಜೆ ಕೇಳಿದರೆ, ಎಡಕ್ಕಾತು ಎಂದಳು. ತಮ್ಮನಿಗೆ ಸಮಾಧಾನವಾಯಿತು, ತನ್ನ ಹೊಸ ಮಾಡೆಲ್ಲಿಗೆ ದೇವಿಯದೂ ಒಪ್ಪಿಗೆ ಸಿಕ್ಕಿತಲ್ಲ ಎಂದು. ಗಣಪತಿ ಹಬ್ಬ ಕಳೆದ ಮೇಲೆ ಮತ್ತೊಮ್ಮೆ ಕೇಳಿದಳು, ಮತ್ತೆ ಎಡ. ನಡುವೆ ಪಿತೃಪಕ್ಷ ಬಂತು. ಆಗ ಹೊಸದು ತರುವ ಮಾತೇ ಇಲ್ಲ, ಕೇಳುವಂತೆಯೂ ಇಲ್ಲ. ಅದು ಮುಗಿಯುವಷ್ಟರಲ್ಲಿ ತಮ್ಮ ಕಾಯುತ್ತಿದ್ದ ಮಾಡೆಲ್ ಮಾರುಕಟ್ಟೆಗೆ ಬಂದೇಬಿಟ್ಟಿತು. ಅವನೇ ಬಾಯಿಬಿಟ್ಟು, ಅಕ್ಕಾ ಇದನ್ನು ಕಣ್ಣುಮುಚ್ಚಿ ತಗೋಬಹುದು ಎಂದ. ಅವನ ಬಾಯಲ್ಲಿ ಆ ಮಾತು ಕೇಳಿ ನನಗೆ ಗಾಬರಿಯೇ ಆಯಿತು. ಇನ್ನೇನು, ಕೆಲಸ ಆಯಿತು ಅಂದುಕೊಂಡೆ. ಅವ್ವ ಗುಡಿಗೆ ಹೋಗಿ ಬಂದು, ಎಡಕ್ಕೇ ಬಿತ್ತು ನೋಡವ್ವ ಎಂದಳು.

ನನಗೆ ತಡೆಯದ ಸಿಟ್ಟು ಬಂತು. ಆಯಮ್ಮನಿಗೆ ಇನ್ನೂ ಹೊಸ ಮಾಡೆಲ್ ಬೇಕಂತೇನು, ಅವಳೂ ವಿಡಿಯೋ ನೋಡುತ್ತಾಳೇನು ಎಂದು ತಟ್ಟೆ ಕುಕ್ಕಿದೆ. ಹಂಗೆಲ್ಲ ಅನ್ನಬಾರದು ಎಂದು ತಮ್ಮನ ಹೆಂಡತಿ ಕೆನ್ನೆ ಬಡಿದುಕೊಂಡಳು. ಅವ್ವ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ನಾನು ಅದನ್ನು ತಿನ್ನದೆ ಎದ್ದೆ. ಇವಳಿಗೆ ಮಗಳ ಕೆಲಸಕ್ಕಿಂತ ಹೂವೇ ಹೆಚ್ಚಾಯಿತಲ್ಲ ಎಂದು ನೋವಾಯಿತು, ಎರಡು ದಿನ ಅವಳ ಜೊತೆ ಮಾತು ಬಿಟ್ಟೆ.

ಆಯುಧಪೂಜೆ ಕಳೆದ ವಾರ ಮುದ್ರಣಾಲಯದವರು ಫೋನ್ ಮಾಡಿದರು. ಇನ್ನೊಬ್ಬರು ಯಂತ್ರ ಇಟ್ಟುಕೊಂಡು ಕೇಳುತ್ತಿದ್ದಾರೆ, ನೀವು ಸೋಮವಾರ ಹೌದು ಅನ್ನಬೇಕು, ಇಲ್ಲವಾದರೆ ಬೇಜಾರು ಮಾಡಿಕೊಳ್ಳಬೇಡಿ ಎಂದರು. ಅದು ಗುರುವಾರ. ಮರುದಿನ ಬೆಳಿಗ್ಗೆ ನಾನು ಬಸ್ ನಿಲ್ದಾಣದ ಕಡೆಗೆ ಹೋಗದೆ ಗುಡಿಯ ಕಡೆ ತಿರುಗಿದೆ. ನಾನೇ ಕೇಳುವುದು, ನನ್ನ ಕಣ್ಣೆದುರಿಗೇ ಬೀಳಲಿ, ಎಡಕ್ಕೆ ಬಿದ್ದರೂ ಕೊಂಡೇ ಕೊಳ್ಳುತ್ತೇನೆ ಎಂದು ಹಟದಲ್ಲಿ ಹೋದೆ. ಹಾಗಾದರೆ ಕೇಳುವುದು ಯಾಕೆ ಎಂದು ಆಗ ಹೊಳೆಯಲಿಲ್ಲ.

ಪೂಜಾರಿ ಬಾವಿಯ ಹತ್ತಿರ ಕೊಡಪಾನ ತಿಕ್ಕುತ್ತಿದ್ದ. ನಮ್ಮವ್ವ ಕೇಳಿದ್ದನ್ನೇ ಇನ್ನೊಂದು ಸಲ ಕೇಳಬೇಕು, ಹೂವು ಹಚ್ಚಪ್ಪ ಎಂದೆ. ಅವನು ನನ್ನ ಮುಖ ನೋಡಿದ.

"ನಿಮ್ಮವ್ವಾರು ಯಾವಾಗ ಕೇಳಿದ್ರು? ಪ್ರತಿ ಶುಕ್ರವಾರ ಬರ್ತಾರೆ, ಕೈ ಮುಗಿತಾರೆ, ಕಂಬಕ್ಕೆ ಒರಗಿ ಸ್ವಲ್ಪ ಹೊತ್ತು ಕುಂತು ಹೋಗ್ತಾರೆ. ನಾನೇ ಒಂದಿನ ಹಚ್ಚಲೇನವ್ವಾ ಅಂದೆ. ಬ್ಯಾಡಪ್ಪ ಅಂದ್ರು. ಈ ವರ್ಷದಾಗೆ ಒಂದ್ಸಲನೂ ಕೇಳಿಲ್ಲ ನೋಡ್ರಿ."

ಈಗ ಹಚ್ಚಲೇನು ಎಂದು ಅವನು ಕೈ ಒರೆಸಿಕೊಂಡ. ಬೇಡ ಎಂದೆ. ವಾಪಸು ಮನೆಗೆ ನಡೆದೆ. ತಮ್ಮನೂ ಅವನ ಹೆಂಡತಿಯೂ ಆಗಲೇ ಹೊರಟುಹೋಗಿದ್ದರು. ಅವ್ವ ಹೊಸ್ತಿಲ ಬಳಿ ಅಕ್ಕಿ ಹಸನು ಮಾಡುತ್ತಾ ಕೂತಿದ್ದಳು. ಬಸ್ಸು ತಪ್ಪಿತೇನು ಎಂದು ಕೇಳಿದಳು. ದೇವರ ಹೆಸರಲ್ಲಿ ಸುಳ್ಳು ಹೇಳಿದೆಯಲ್ಲ ಎಂದೆ. ನನ್ನ ದನಿ ಓಣಿಗೆ ಕೇಳುವಷ್ಟು ಏರಿತ್ತು. ಅವ್ವ ಮೊರ ಪಕ್ಕಕ್ಕಿಟ್ಟು, ಒಳಗೆ ಬಾ, ಬಾಗಿಲು ಮುಂದೆ ಮಾಡು ಎಂದಳು.

"ಅವತ್ತು ನೀನು ಕಾಗದ ಹಿಡ್ಕೊಂಡು ಕುಂತಿದ್ದನ್ನ ನಾ ನೋಡಿಲ್ಲೇನು?" ಎಂದಳು. "ಒಂದು ಗಳಿಗೆ ಬಿಟ್ರೇನು ನಿನ್ನ? ಆ ಪೆಟ್ಟಿಗಿ ಮನಿಗೆ ಬಂದ್ರೆ ಆತು, ನೀನು ಅದರ ಮುಂದೆ ಕುಂತಿರ್ತಿ, ಎಲ್ಲರ ಕೆಲ್ಸ ನಿನ್ನ ಹೆಗಲಿಗೆ. ಆರು ತಿಂಗಳಿಗೆ ನಿನ್ನ ಕೆಲ್ಸ ಹೋಗಿ ಮನಿ ಕೆಲ್ಸ ಉಳಿತೈತೆ. ಲ್ಯಾಪ್‌ಟಾಪ್ ಬ್ಯಾಡ ಅಂದೋಳಲ್ಲ ನಾನು. ಮನ್ಯಾಗೆ ಬ್ಯಾಡ."

ಹಾಗಾದರೆ ನೇರವಾಗಿ ಹೇಳಬಹುದಿತ್ತಲ್ಲ ಎಂದೆ. ಸೊಸೆಯ ಕಿವಿಗೆ ಬಿದ್ದರೆ ಅವಳು ಏನಂದುಕೊಳ್ಳುತ್ತಾಳೆ, ಅವಳೂ ದುಡಿದು ಸಾಯುವವಳು, ಅವಳದೇನು ತಪ್ಪು ಎಂದಳು. ಅಮ್ಮನ ಹೆಸರು ಹೇಳಿದರೆ ಯಾರಿಗೂ ಯಾರ ಮೇಲೂ ಬೇಸರವಿಲ್ಲವಂತೆ. ಅದೂ ಸರಿಯೇ. ಆದರೆ ನನ್ನ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಹೋಗಲಿ, ನಿಜವಾಗಿ ಕೇಳಿಯಾದರೂ ನೋಡಬಹುದಿತ್ತು, ಎಡಕ್ಕೇ ಬೀಳುತ್ತಿತ್ತೋ ಏನೋ, ಸುಳ್ಳಾದರೂ ತಪ್ಪುತ್ತಿತ್ತು ಎಂದು ಚುಚ್ಚಿದೆ. ಅವ್ವ ತಲೆ ಎತ್ತಲಿಲ್ಲ. ಸೆರಗಿನ ತುದಿಗೆ ಅಂಟಿದ್ದ ಅಕ್ಕಿಯ ನುಚ್ಚನ್ನು ಬಿಡಿಸುತ್ತಾ ಹೇಳಿದಳು:

"ಕೇಳಿದ್ರೆ ಬಲಕ್ಕೇ ಕೊಡ್ತಿದ್ಲು. ನಾನು ಮನಸ್ನಾಗೆ ಬೇಡ್ಕೊಂಡಿದ್ದನ್ನ ಆಯಮ್ಮ ಯಾವತ್ತೂ ಇಲ್ಲ ಅಂದಿಲ್ಲ. ಹಗಲೆಲ್ಲ ಒಬ್ಳೇ ಇರ್ತೀನಿ, ಗ್ವಾಡಿ ನೋಡ್ಕೊಂಡು. ನೀ ಮನ್ಯಾಗಿದ್ರೆ ನನಗೇನು ಬ್ಯಾಡಾಗೈತೇನು? ಅಲ್ಲಿ ಕುಂತು ಕಣ್ಣು ಮುಚ್ಚಿದ್ರೆ ಬಾಯಿಗೆ ಅದೇ ಬರ್ತಿತ್ತು. ಅದಕ್ಕೇ ಕೇಳ್ಲಿಲ್ಲ."

ಅಷ್ಟು ವರ್ಷ ನಾನು ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದೆ. ನಡುವೆ ಅವ್ವ ಏನು ಮಾಡುತ್ತಾಳೆ ಎಂದು ಒಂದು ದಿನವೂ ಯೋಚಿಸಿದವಳಲ್ಲ. ಮನೆಯಲ್ಲಿ ಇರುತ್ತಾಳೆ ಎಂದು ಗೊತ್ತಿತ್ತು, ಅಷ್ಟೇ. ನನಗೆ ಅಳು ಬಂತು. ಹಾಗಾದರೆ ಇಲ್ಲೇ ಇರುತ್ತೇನೆ, ಕೆಲಸ ಹೇಗೋ ಆಗುತ್ತದೆ, ಬಾಗಿಲು ಹಾಕಿಕೊಂಡು ಮಾಡುತ್ತೇನೆ ಎಂದೆ. ಹೇಳುವಾಗ ಅದು ನಿಜವೆಂದೇ ಅನ್ನಿಸಿತ್ತು. ಅವ್ವ ನಕ್ಕಳು. ಯಾವ ಬಾಗಿಲು ಹಾಕ್ತೀಯವ್ವ, ನಡುಮನಿಗೆ ಬಾಗಿಲು ಎಲ್ಲೈತೆ ಎಂದು ಮತ್ತೆ ಮೊರ ಎತ್ತಿಕೊಂಡಳು.

ಅದೇ ಮಧ್ಯಾಹ್ನ ದಾವಣಗೆರೆಗೆ ಹೋಗಿ ಆನೆಕೊಂಡದಲ್ಲಿ ಕೆಲಸಕ್ಕೆ ಕೂರಲು ಬಾಡಿಗೆಗೆ ಒಂದು ಕೋಣೆ ಗೊತ್ತುಮಾಡಿದೆ. ಹೊಲಿಗೆ ಮಾಡುವ ಹೆಂಗಸೊಬ್ಬರ ಮನೆಯ ಮುಂಭಾಗ, ಬೀದಿಗೆ ಬಾಗಿಲು, ಒಂದು ಕಿಟಕಿ. ರಾತ್ರಿ ಎಲ್ಲರೂ ಊಟಕ್ಕೆ ಕೂತಾಗ ಅವ್ವ, ಇವತ್ತು ಅಮ್ಮ ಬಲಕ್ಕೆ ಕೊಟ್ಟಳು, ಆದರೆ ಯಂತ್ರ ಮನೆಯಿಂದ ಮೂಡಲಕ್ಕೆ ಇರಬೇಕಂತೆ ಎಂದಳು. ಹರಿಹರಕ್ಕೆ ದಾವಣಗೆರೆ ಮೂಡಲ ದಿಕ್ಕು. ಹೂವು ಇಷ್ಟು ವಿವರವಾಗಿ ಯಾವಾಗಿನಿಂದ ಮಾತಾಡತೊಡಗಿತು ಎಂದು ತಮ್ಮನೂ ಕೇಳಲಿಲ್ಲ, ಅವನ ಹೆಂಡತಿಯೂ ಕೇಳಲಿಲ್ಲ. ಅವಳ ಮುಖ ಸ್ವಲ್ಪ ಇಳಿಯಿತು. ಆಮೇಲೆ, ಆಗಲಿ ಬಿಡ್ರಿ, ಅಮ್ಮ ಹೇಳಿದ ಮೇಲೆ ಮುಗೀತು ಎಂದು ನನಗೆ ಸಾರು ಬಡಿಸಿದಳು.

ಭಾನುವಾರ ಅಂಗಡಿಗೆ ಹೋದರೆ ತಮ್ಮನ ಹೊಸ ಮಾಡೆಲ್ ಇರಲಿಲ್ಲ, ಹಬ್ಬಕ್ಕೆ ಖಾಲಿಯಾಗಿತ್ತು. ಹದಿನೈದು ದಿನ ತಡೆದರೆ ಮತ್ತೆ ಬರುತ್ತದೆ ಎಂದರು. ತಮ್ಮ ನನ್ನ ಮುಖ ನೋಡಿದ. ನಾನು ಹೋದ ವರ್ಷದ ಚಿಪ್ಪಿನದನ್ನೇ ಕೊಡಿ ಎಂದೆ. ಅವನು ಚೀಲ ಹೊತ್ತುಕೊಂಡು ಬಸ್ ನಿಲ್ದಾಣದವರೆಗೆ ಬಂದ. ಯುಗಾದಿ ಹೊತ್ತಿಗೆ ಅದರಪ್ಪನಂಥದ್ದು ಬರುತ್ತದೆ ಎಂದು ಬಸ್ಸಿನಲ್ಲಿ ಹೇಳಿದ. ಯುಗಾದಿಗೆ ಬಂತು ಕೂಡ. ನನಗೆ ಹೊಟ್ಟೆ ಉರಿಯಲಿಲ್ಲ.

ಸೋಮವಾರ ಮುದ್ರಣಾಲಯಕ್ಕೆ ಹೌದು ಎಂದೆ. ಹಳೆಯ ಅಂಗಡಿ ಮುಚ್ಚಿದ ಮರುದಿನ ಬೆಳಿಗ್ಗೆ ಎಂದಿನ ಬಸ್ಸಿಗೇ ಬಂದು ಆನೆಕೊಂಡದ ಕೋಣೆಯ ಬೀಗ ತೆಗೆದೆ. ಅವ್ವ ಕೊಟ್ಟ ಕುಂಕುಮವನ್ನು ಲ್ಯಾಪ್‌ಟಾಪಿಗೆ ಹಚ್ಚಿ ಕೆಲಸಕ್ಕೆ ಕೂತೆ. ಇತಿಹಾಸದ ಪುಸ್ತಕ, ಪುಟದ ತುಂಬ ಅಡಿಟಿಪ್ಪಣಿ, ಹೊತ್ತು ಹಿಡಿಯುವ ಕೆಲಸ. ಒಂದು ಅಧ್ಯಾಯ ಮುಗಿದಾಗ ಕತ್ತು ಎತ್ತಿದೆ. ಮಧ್ಯಾಹ್ನವಾಗಿತ್ತು. ಬೆಳಿಗ್ಗೆಯಿಂದ ಯಾರೂ ನನ್ನನ್ನು ಕರೆದಿರಲಿಲ್ಲ. ಅಷ್ಟು ಸಂತೋಷ ನನಗೆ ಬಹಳ ವರ್ಷದಿಂದ ಆಗಿರಲಿಲ್ಲ. ಬುತ್ತಿ ಬಿಚ್ಚಿದೆ. ಮನೆಯಲ್ಲಿ ಅವ್ವನೂ ಈಗ ಒಬ್ಬಳೇ ತಟ್ಟೆ ಹಾಕಿಕೊಂಡಿರುತ್ತಾಳೆ ಅನ್ನಿಸಿತು. ಫೋನ್ ಮಾಡಿದೆ. ತಕ್ಷಣ ಎತ್ತಿದಳು, ಪಕ್ಕದಲ್ಲೇ ಇಟ್ಟುಕೊಂಡಿದ್ದಳೋ ಏನೋ. ಊಟ ಆಯಿತೇನವ್ವ ಎಂದು ಕೇಳಿದೆ.

"ಕೆಲ್ಸದ ಹೊತ್ನಾಗೆ ನನಗ್ಯಾಕ ಫೋನ್ ಮಾಡ್ತೀಯ" ಎಂದು ಇಟ್ಟುಬಿಟ್ಟಳು.